ಮೂರು ರಾತ್ರಿ ಅಂತ ಕಳಿಸಿದ ಮಗು ಏಳು ರಾತ್ರಿ ಬರಲಿಲ್ಲ: ಫಾಸ್ಟರ್ ಪೋಷಕರಿಗೆ ಒಂದು ಎಚ್ಚರಿಕೆ

ಕ್ಯಾಲಿಫೋರ್ನಿಯಾದಲ್ಲಿ ಫಾಸ್ಟರ್ ಮಗುವನ್ನು (ಹೆತ್ತವರ ಹತ್ತಿರ ಇರಲಾಗದೆ, ಕೋರ್ಟಿನ ಹೊಣೆಯಲ್ಲಿ ಬೇರೆಯವರ ಮನೆಯಲ್ಲಿ ಬೆಳೆಯುವ ಮಗುವನ್ನು) ಮನೆಗೆ ಕರೆತಂದಿರುವ, ಅಥವಾ ಕರೆತರಬೇಕು ಅಂದುಕೊಂಡಿರುವ ಕನ್ನಡದವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಮಗುವಿನ ಹೆಸರು, ನಮ್ಮ ಕೌಂಟಿ (ಇಲ್ಲಿನ ಜಿಲ್ಲಾಡಳಿತ, ಇಂಥ ಮಕ್ಕಳ ಹೊಣೆ ಅದರದು), ಏಜೆನ್ಸಿಯ ಹೆಸರು, ನಡೆದ ವರ್ಷ ಯಾವುದನ್ನೂ ಹೇಳುವುದಿಲ್ಲ. ಇಂಥ ಮಕ್ಕಳ ವಿಷಯ ಗುಟ್ಟಾಗಿರಬೇಕು ಅಂತ ಕಾನೂನೇ ಹೇಳುತ್ತದೆ. ದಯವಿಟ್ಟು ಕೇಳಬೇಡಿ.

ನಮ್ಮ ಮನೆಗೆ ಬಂದಾಗ ಹುಡುಗನಿಗೆ ಎಂಟು ವರ್ಷ. ನಾವು ನೇರವಾಗಿ ಕೌಂಟಿಗೆ ಹೋಗದೆ, ಒಂದು ಖಾಸಗಿ ಫಾಸ್ಟರ್ ಫ್ಯಾಮಿಲಿ ಏಜೆನ್ಸಿಯ ಮೂಲಕ ಹೋಗಿದ್ದೆವು. ಇಲ್ಲಿ ಎರಡೂ ದಾರಿ ಇವೆ. 2017ರಿಂದ ರಾಜ್ಯದಲ್ಲೆಲ್ಲ ಇಂಥ ಮನೆಗಳಿಗೆ ಒಪ್ಪಿಗೆ ಕೊಡುವ ಒಂದೇ ಬಗೆಯ ಪದ್ಧತಿ ಬಂದಿದೆ. ಕಾಗದದಲ್ಲಿ ನಮ್ಮನ್ನು ಈಗ 'ರಿಸೋರ್ಸ್ ಪೇರೆಂಟ್' ಅಂತ ಕರೆಯುತ್ತಾರೆ. ಏಜೆನ್ಸಿ ದಾರಿ ಹಿಡಿಯಲು ನಮಗಿದ್ದ ಕಾರಣ ಇಷ್ಟೇ: ಕೌಂಟಿಯವರಿಗೆ ಕೆಲಸ ಜಾಸ್ತಿ, ಏಜೆನ್ಸಿಯವರಾದರೆ ತಿಂಗಳಿಗೆ ಎರಡು ಸಲ ಮನೆಗೆ ಬಂದು ನೋಡುತ್ತಾರೆ, ರಾತ್ರಿ ಹನ್ನೆರಡಕ್ಕೆ ಕರೆ ಮಾಡಿದರೂ ಯಾರಾದರೂ ಎತ್ತುತ್ತಾರೆ ಅಂತ ನಂಬಿದ್ದೆವು. ಮೊದಲ ಎರಡು ತಿಂಗಳು ಹಾಗೇ ಇತ್ತು ಕೂಡ. ಆಮೇಲೆ ಸೋಶಿಯಲ್ ವರ್ಕರ್ ಕೆಲಸ ಬಿಟ್ಟರು. ಎರಡನೆಯವರು ಬಂದರು, ಅವರೂ ಬಿಟ್ಟರು. ಏಳು ತಿಂಗಳಲ್ಲಿ ಮೂವರನ್ನು ನೋಡಿದೆವು. ಮೂರನೆಯವರು ಮನೆಗೆ ಬರುವ ಬದಲು ಹತ್ತು ನಿಮಿಷ ವಿಡಿಯೋ ಕರೆ ಮಾಡಿ, "ಎಲ್ಲ ಚೆನ್ನಾಗಿದೆಯಲ್ಲ?" ಅಂತ ಕೇಳಿ ಮುಗಿಸುತ್ತಿದ್ದರು.

ಮೊದಲ ತಪ್ಪು ನನ್ನದೇ. ತರಬೇತಿಯಲ್ಲಿ ಏಜೆನ್ಸಿಯವರು, "ನಾವು ಒಪ್ಪಿದ ಮನೆಯವರನ್ನು ಬಿಟ್ಟು ಬೇರೆ ಯಾರ ಹತ್ತಿರವೂ ಮಗುವನ್ನು ಎರಡು ಗಂಟೆ ಕೂಡ ಬಿಡುವ ಹಾಗಿಲ್ಲ" ಅಂದಿದ್ದರು. ನಾನು ನಂಬಿದೆ. ಏಳು ತಿಂಗಳು ನಾನೂ ನನ್ನ ಗಂಡನೂ ಒಟ್ಟಿಗೆ ಡಾಕ್ಟರ ಹತ್ತಿರ ಕೂಡ ಹೋಗಲಿಲ್ಲ. ಒಬ್ಬರು ಹೊರಗೆ ಹೋದರೆ ಇನ್ನೊಬ್ಬರು ಮನೆಯಲ್ಲಿ. ಕಾನೂನು ಹೇಳುವುದು ಬೇರೆ ಅಂತ ಆಮೇಲೆ ಗೊತ್ತಾಯಿತು. ಒಂದು ಸಲಕ್ಕೆ 24 ಗಂಟೆ ಮೀರದ ಹಾಗೆ, ಆಗೊಮ್ಮೆ ಈಗೊಮ್ಮೆ ಮಗುವನ್ನು ನೋಡಿಕೊಳ್ಳಲು ಬೇಬಿಸಿಟ್ಟರ್ ಯಾರಾಗಬೇಕು ಅಂತ ಪೋಷಕರೇ ತೀರ್ಮಾನಿಸಬಹುದು. ವಿವೇಕವುಳ್ಳ ತಂದೆ ತಾಯಿ ತಮ್ಮ ಸ್ವಂತ ಮಗುವಿಗೆ ಹೇಗೆ ಯೋಚಿಸುತ್ತಾರೋ ಹಾಗೆ ಯೋಚಿಸಿದರೆ ಸಾಕು. ಆಟ, ಶಾಲೆಯ ಪ್ರವಾಸ, ಗೆಳೆಯನ ಮನೆಯಲ್ಲಿ ಒಂದು ರಾತ್ರಿ ಮಲಗುವುದು, ಇವಕ್ಕೂ ಇದೇ ಅಳತೆ. 2014ರಲ್ಲಿ ಬಂದ ಫೆಡರಲ್ ಕಾನೂನು ಇದನ್ನು ದೇಶಕ್ಕೆಲ್ಲ ತಂದಿತು. ಇದೊಂದು ಗೊತ್ತಿದ್ದಿದ್ದರೆ ನಾವು ಅಷ್ಟು ಸುಸ್ತಾಗುತ್ತಿರಲಿಲ್ಲ. ಮುಂದಿನದೂ ಬಹುಶಃ ನಡೆಯುತ್ತಿರಲಿಲ್ಲ.

ರೆಸ್ಪಿಟ್ ಅಂದರೆ ಬೇಬಿಸಿಟ್ಟಿಂಗ್ ಅಲ್ಲ. ಪೋಷಕರಿಗೆ ಸ್ವಲ್ಪ ಉಸಿರು ತೆಗೆದುಕೊಳ್ಳಲು ಮಗುವನ್ನು ಒಪ್ಪಿಗೆ ಇರುವ ಇನ್ನೊಂದು ಮನೆಯಲ್ಲಿ ಕೆಲವು ದಿನ ಇಡುವ ಏರ್ಪಾಡು ಅದು. ಕ್ಯಾಲಿಫೋರ್ನಿಯಾದಲ್ಲಿ ಒಂದು ಸಲಕ್ಕೆ 72 ಗಂಟೆ. ಮಗು ಈಗಿರುವ ಮನೆಯಲ್ಲೇ ಉಳಿಯಲು ಅದು ನಿಜವಾಗಿ ಬೇಕು ಅಂದರೆ ಒಂದು ತಿಂಗಳಲ್ಲಿ 14 ದಿನದವರೆಗೆ ಬೆಳೆಸಬಹುದು. ದಿನನಿತ್ಯ ಮಗು ನೋಡಿಕೊಳ್ಳುವ ಏರ್ಪಾಡಾಗಿ ಇದನ್ನು ಬಳಸುವಂತಿಲ್ಲ.

ನನ್ನ ಗಂಡನಿಗೆ ಪಿತ್ತಕೋಶದ ಆಪರೇಷನ್ ನಿಗದಿಯಾಯಿತು. ಮೊದಲ ಸಲ ರೆಸ್ಪಿಟ್ ಕೇಳಿದೆ. ಏಜೆನ್ಸಿಯ ಕೋಆರ್ಡಿನೇಟರ್ ಫೋನಿನಲ್ಲೇ, "ಶುಕ್ರವಾರ ಸಂಜೆ ಬಿಡಿ, ಸೋಮವಾರ ಸಂಜೆ ಕರೆದುಕೊಂಡು ಹೋಗಿ" ಅಂದರು. ಆ ಮನೆಯ ವಿಳಾಸ ಫೋನಿಗೆ ಮೆಸೇಜಿನಲ್ಲಿ ಬಂತು. ಆ ಮೆಸೇಜನ್ನು ನಾನು ಅಳಿಸಲಿಲ್ಲ, ಅದು ಬರೀ ಅದೃಷ್ಟ. ಫಾರಂ ಇಲ್ಲ, ಸಹಿ ಇಲ್ಲ, ಆ ಮನೆಯವರ ಜೊತೆ ಮುಂಚೆ ಒಂದು ಮಾತೂ ಇಲ್ಲ. ನಾನೂ ಕೇಳಲಿಲ್ಲ.

ಬಾಗಿಲಲ್ಲೇ ಬಿಟ್ಟು ಬಂದೆ. ಒಳಗೆ ಬನ್ನಿ ಅಂತ ಅವರು ಕರೆಯಲಿಲ್ಲ. ಒಳಗಿನಿಂದ ಮಕ್ಕಳ ಗದ್ದಲ ಕೇಳುತ್ತಿತ್ತು, ಒಂದಿಬ್ಬರದಲ್ಲ. ಬ್ಯಾಗು, ಮಾತ್ರೆಯ ಡಬ್ಬಿ, ಡಾಕ್ಟರ ಹಾಳೆ ಕೊಟ್ಟೆ. "ದಿನಾ ಬೆಳಗ್ಗೆ ಒಂದು, ತಿಂಡಿ ಆದ ಮೇಲೆ" ಅಂತ ಎರಡು ಸಲ ಹೇಳಿದೆ. ಹುಡುಗ, "ಎಷ್ಟು ರಾತ್ರಿ?" ಅಂತ ಕೇಳಿದ. ಮೂರು ಬೆರಳು ತೋರಿಸಿದೆ.

ಆಪರೇಷನ್ ಆದ ಮೇಲೆ ನನ್ನ ಗಂಡನಿಗೆ ಸೋಂಕಾಯಿತು. ಭಾನುವಾರ ರಾತ್ರಿ ಆಸ್ಪತ್ರೆಯಿಂದಲೇ ಕೋಆರ್ಡಿನೇಟರಿಗೆ ಕರೆ ಮಾಡಿ, ಇನ್ನೂ ಎರಡು ದಿನ ಆಗುತ್ತದೆಯೇ ಅಂತ ಕೇಳಿದೆ. "ಅಯ್ಯೋ, ನೀವು ಯೋಚನೆ ಮಾಡಬೇಡಿ, ಅಲ್ಲೇ ಇರಲಿ, ಕೌಂಟಿಗೆ ನಾವು ಹೇಳುತ್ತೇವೆ" ಅಂದರು. ಎರಡು ದಿನ ನಾಲ್ಕಾಯಿತು. ಆ ಮನೆಗೆ ಫೋನ್ ಮಾಡಿದರೆ ಎತ್ತುತ್ತಿರಲಿಲ್ಲ. ಕೋಆರ್ಡಿನೇಟರ್ ಮಾತ್ರ, "ಚೆನ್ನಾಗಿದ್ದಾನೆ, ಆಡುತ್ತಿದ್ದಾನೆ" ಅಂತ ದಿನಾ ಒಂದು ಮೆಸೇಜ್ ಕಳಿಸುತ್ತಿದ್ದರು.

ಗುರುವಾರ ಸಂಜೆ ಸ್ನಾನಕ್ಕೆ ಅಂತ ಮನೆಗೆ ಬಂದಿದ್ದೆ. ಬಾಗಿಲ ಗಂಟೆ ಬಾರಿಸಿತು. ಕೌಂಟಿಯ ಸೋಶಿಯಲ್ ವರ್ಕರ್. ಫಾಸ್ಟರ್ ಮಗುವನ್ನು ತಿಂಗಳಿಗೊಮ್ಮೆ ಮುಖಾಮುಖಿ ನೋಡಬೇಕು ಅನ್ನುವುದು ಫೆಡರಲ್ ನಿಯಮ, ಇಂಥ ಭೇಟಿಗಳಲ್ಲಿ ಶೇಕಡಾ 95 ಆಗಲೇಬೇಕು ಅಂತ ರಾಜ್ಯಗಳಿಗೆ ಗುರಿ ಇದೆ. ಅವರು ಅದಕ್ಕೇ ಬಂದಿದ್ದರು.

"ಎಲ್ಲಿ ಅವನು?"

"ರೆಸ್ಪಿಟ್‌ನಲ್ಲಿದ್ದಾನಲ್ಲ."

"ಯಾವ ರೆಸ್ಪಿಟ್?"

ನನ್ನ ಎದೆ ಧಸಕ್ ಅಂತು. ಕೌಂಟಿಗೆ ಯಾರೂ ಹೇಳಿರಲಿಲ್ಲ. ಕೋರ್ಟಿನ ಕೈಯಲ್ಲಿರುವ ಒಂದು ಮಗು ಆರು ರಾತ್ರಿಯಿಂದ ಎಲ್ಲಿದೆ ಅಂತ ಅದರ ಹೊಣೆ ಹೊತ್ತವರಿಗೇ ಗೊತ್ತಿರಲಿಲ್ಲ. ಅವರು ನನ್ನ ಎದುರಿಗೇ ಏಜೆನ್ಸಿಗೆ ಕರೆ ಮಾಡಿದರು. ಆ ಕಡೆಯಿಂದ ಬಂದ ಉತ್ತರ ಕೇಳಿ ನಾನು ಕುಸಿದು ಕೂತೆ. ರೆಸ್ಪಿಟ್ ಮೂರೇ ದಿನಕ್ಕೆ ಕೊಟ್ಟದ್ದಂತೆ, ಆಮೇಲಿನದು ಆ ಮನೆಯವರ ಜೊತೆ ನಾವೇ ಖಾಸಗಿಯಾಗಿ ಮಾಡಿಕೊಂಡದ್ದಂತೆ. ಭಾನುವಾರದ ಕರೆಗೆ ಸಾಕ್ಷಿ ಏನೂ ಇಲ್ಲ. ಆದರೆ ದಿನಾ ಬರುತ್ತಿದ್ದ "ಚೆನ್ನಾಗಿದ್ದಾನೆ" ಮೆಸೇಜುಗಳು ಸೋಮವಾರದ ಮೇಲೂ ಬಂದಿದ್ದವಲ್ಲ. ಅವನ್ನು ತೋರಿಸಿದೆ. ನನ್ನನ್ನು ಉಳಿಸಿದ್ದು ಅಷ್ಟೇ.

ಮರುದಿನ ಬೆಳಗ್ಗೆ ಕೌಂಟಿ ವರ್ಕರೂ ನಾನೂ ಆ ಮನೆಗೆ ಹೋದೆವು. ಹುಡುಗ ಮಲಗುತ್ತಿದ್ದ ಕೋಣೆಯಲ್ಲಿ ಎರಡು ಮಂಚ, ನೆಲದ ಮೇಲೆ ಒಂದು ಗಾಳಿ ಹಾಸಿಗೆ. ಒಂದು ಕೋಣೆಯಲ್ಲಿ ಇಬ್ಬರು ಮಕ್ಕಳಿಗಿಂತ ಜಾಸ್ತಿ ಇರಕೂಡದು ಅಂತ ನಿಯಮ, ನಮ್ಮ ಮನೆಗೆ ಒಪ್ಪಿಗೆ ಕೊಡುವಾಗ ಇದೇ ಏಜೆನ್ಸಿಯವರು ಟೇಪು ಹಿಡಿದು ಕೋಣೆ ಅಳೆದಿದ್ದರು! ಮಾತ್ರೆಯ ಡಬ್ಬಿ ಬೀಗ ಹಾಕಿದ ಕಪಾಟಿನಲ್ಲಿ ಇರಲಿಲ್ಲ, ಅಡುಗೆಮನೆಯ ಕಟ್ಟೆ ಮೇಲಿತ್ತು. ಎಣಿಸಿದೆ. ಕೊಟ್ಟಾಗ 21 ಇದ್ದವು, ಈಗ 18. ಏಳು ಬೆಳಗ್ಗೆಗೆ ಮೂರು ಮಾತ್ರೆ. ಇದು ನೆಗಡಿ ಮಾತ್ರೆಯಲ್ಲ. ಮನಸ್ಸಿನ ಮೇಲೆ ಕೆಲಸ ಮಾಡುವ ಔಷಧಿಯನ್ನು ಫಾಸ್ಟರ್ ಮಗುವಿಗೆ ಶುರು ಮಾಡಲು ನಾವು ಒಪ್ಪಿದರೆ ಸಾಲದು, ಸಾಮಾನ್ಯವಾಗಿ ನ್ಯಾಯಾಧೀಶರೇ ಅನುಮತಿ ಕೊಡಬೇಕು. ಅಷ್ಟು ಗಂಭೀರವಾದ್ದನ್ನು ಇಲ್ಲಿ ನೆನಪಾದಾಗ ಕೊಟ್ಟಿದ್ದರು. ಸೋಮವಾರದಿಂದ ಶಾಲೆಗೂ ಕಳಿಸಿರಲಿಲ್ಲ. ಶಾಲೆಯಿಂದ ನನ್ನ ಫೋನಿಗೆ ಮೂರು ವಾಯ್ಸ್‌ಮೇಲ್ ಬಂದಿದ್ದವು, ಆಸ್ಪತ್ರೆಯ ಗಡಿಬಿಡಿಯಲ್ಲಿ ನಾನೇ ಕೇಳಿರಲಿಲ್ಲ. ಅದೂ ನನ್ನ ಲೆಕ್ಕಕ್ಕೇ ಸೇರಲಿ.

ಅವನ ಬಟ್ಟೆಗಳನ್ನು ಕಸದ ಚೀಲದಲ್ಲಿ ತುಂಬಿ ಬಾಗಿಲ ಬಳಿ ಇಟ್ಟಿದ್ದರು. ನಾವು ಕೊಟ್ಟ ಬ್ಯಾಗು ಸಿಗಲೇ ಇಲ್ಲ. ಹಿಂದೆಯೂ ಅವನು ಮನೆಯಿಂದ ಮನೆಗೆ ಹೋದದ್ದು ಇಂಥದೇ ಕಪ್ಪು ಚೀಲಗಳ ಜೊತೆ. ಕಾರಿನಲ್ಲಿ, "ಈಗ ಯಾರ ಮನೆಗೆ?" ಅಂತ ಕೇಳಿದ.

ಆಪರೇಷನ್ನು, ಸೋಂಕು ಎಲ್ಲ ಒಂದು ಕಡೆ, ಆ ಪ್ರಶ್ನೆ ಒಂದು ಕಡೆ.

ಮುಂದೆ ಆದದ್ದು ನಿಮಗೆ ಜಾಸ್ತಿ ಉಪಯೋಗಕ್ಕೆ ಬರಬಹುದು. ಮೊದಲು ಏಜೆನ್ಸಿಗೇ ದೂರು ಕೊಟ್ಟೆ. ಎರಡು ವಾರ ಹಾರಿಕೆ ಉತ್ತರ. ಆಮೇಲೆ ಮ್ಯಾನೇಜರ್ ಕರೆದು ಕೂರಿಸಿ, "ನೀವು ತುಂಬಾ ದಣಿದಿದ್ದೀರಿ, ಆಗದಿದ್ದರೆ 14 ದಿನದ ನೋಟಿಸ್ ಕೊಡಬಹುದು" ಅಂದರು. ಅಂದರೆ ಮಗುವನ್ನು ವಾಪಸ್ ಕೊಡಿ ಅಂತ. ದನಿ ಬಹಳ ಮೆತ್ತಗಿತ್ತು, ಬೆದರಿಕೆ ಅಂತ ನನಗೆ ಗೊತ್ತಾದದ್ದು ಮನೆಗೆ ಬಂದ ಮೇಲೆ. ಆ 14 ದಿನ ಇರುವುದು ಮಗುವನ್ನು ಅವಸರದಲ್ಲಿ ಎತ್ತಿಹಾಕದ ಹಾಗೆ ತಡೆಯಲಿಕ್ಕೆ. ಮೊದಲು ಆ ಮನೆಯಲ್ಲೇ ಉಳಿಸಲು ಏನು ಮಾಡಬಹುದು ಅಂತ ಯೋಜನೆ ಮಾಡಬೇಕು, ಅದು ಆಗದಿದ್ದರೆ ಮಾತ್ರ ಲಿಖಿತ ನೋಟಿಸು. ಅದನ್ನೇ ನಮ್ಮ ಬಾಯಿ ಮುಚ್ಚಿಸಲು ಬಳಸಿದರು.

ಅದೇ ದಿನ ಮೂರು ತಿಂಗಳ ವರದಿಗೆ ಸಹಿ ಹಾಕಿ ಅಂತ ಮುಂದಿಟ್ಟರು. ಹಿಂದಿನ ಎರಡು ವರದಿಗೆ ಓದದೆ ಸಹಿ ಹಾಕಿದ್ದೆ. ಈ ಸಲ ಕೂತು ಓದಿದೆ. ಆರು ಮನೆ ಭೇಟಿ ಆಗಿದೆ ಅಂತ ತಾರೀಕು ಸಮೇತ ಇತ್ತು. ನಮ್ಮ ಮನೆಗೆ ಅವರು ಬಂದದ್ದು ಎರಡೇ ಸಲ. ಒಂದು ಭೇಟಿಯ ತಾರೀಕು ನೋಡಿದರೆ, ಅದು ನನ್ನ ಗಂಡನಿಗೆ ಆಪರೇಷನ್ ಆದ ದಿನ! "ಮಗು ಸಂತೋಷವಾಗಿದೆ, ಮನೆ ಸ್ವಚ್ಛವಾಗಿದೆ" ಅಂತ ಬರೆದಿದ್ದರು. ಬೇಲಿಯೇ ಹೊಲ ಮೇಯುವುದು ಅಂದರೆ ಇದೇ ಅಲ್ವಾ? ನಾನು ಸಹಿ ಹಾಕಲಿಲ್ಲ. ನಕಲು ಕೇಳಿ ತೆಗೆದುಕೊಂಡೆ.

ನ್ಯಾಯವಾಗಿ ಒಂದು ಮಾತು ಹೇಳಬೇಕು. ಎಲ್ಲ ಏಜೆನ್ಸಿಗಳೂ ಹೀಗಲ್ಲ. ಅವುಗಳಿಗೂ ಕಷ್ಟ ಇದೆ. 2024ರಲ್ಲಿ ಇಲ್ಲಿನ ಬಹುಪಾಲು ಏಜೆನ್ಸಿಗಳಿಗೆ ವಿಮೆ ಕೊಡುತ್ತಿದ್ದ ಸಂಸ್ಥೆಯೇ ಇನ್ನು ನವೀಕರಿಸುವುದಿಲ್ಲ ಅಂತ ಹೇಳಿ ದೊಡ್ಡ ಗಾಬರಿ ಎಬ್ಬಿಸಿತ್ತು. ಜನ ಸಿಗುವುದಿಲ್ಲ, ಸಿಕ್ಕವರು ನಿಲ್ಲುವುದಿಲ್ಲ. ಆದರೆ ಹೋಗದ ಮನೆಗೆ ಹೋದೆ ಅಂತ ಬರೆಯುವುದಕ್ಕೂ ಜನ ಕಡಿಮೆ ಇರುವುದಕ್ಕೂ ಏನು ಸಂಬಂಧ?

ಏಜೆನ್ಸಿಯ ಮೇಲೆ ಯಾರೂ ಇಲ್ಲ ಅಂತ ನಾನು ಅಂದುಕೊಂಡಿದ್ದೆ. ಇದ್ದಾರೆ. ಏಜೆನ್ಸಿಗೆ ಲೈಸೆನ್ಸ್ ಕೊಡುವುದು ರಾಜ್ಯದ ಸಾಮಾಜಿಕ ಸೇವಾ ಇಲಾಖೆಯ ಕಮ್ಯುನಿಟಿ ಕೇರ್ ಲೈಸೆನ್ಸಿಂಗ್ ವಿಭಾಗ. ಅಲ್ಲಿ ಯಾರು ಬೇಕಾದರೂ ದೂರು ಕೊಡಬಹುದು. ನಾನು ಮೆಸೇಜುಗಳು, ಮಾತ್ರೆ ಡಬ್ಬಿಯ ಫೋಟೋ, ಸಹಿ ಹಾಕದ ವರದಿ ಎಲ್ಲ ಕಳಿಸಿದೆ. ರಾಜ್ಯದಲ್ಲಿ ಫಾಸ್ಟರ್ ಮಕ್ಕಳಿಗೆ ಅಂತಲೇ ಒಂದು ಓಂಬುಡ್ಸ್‌ಪರ್ಸನ್ ಕಚೇರಿ, ಅಂದರೆ ದೂರು ಕೇಳಿ ವಿಚಾರಿಸುವ ಕಚೇರಿ ಇದೆ. ಅಲ್ಲಿಗೆ ಮಗುವೇ ಕರೆ ಮಾಡಬಹುದು, ನಾವೂ ಮಾಡಬಹುದು. ಅವರು ನನ್ನ ಮಾತನ್ನು ಪೂರ್ತಿ ಕೇಳಿದರು. ಅಷ್ಟು ದಿನದಲ್ಲಿ ಹಾಗೆ ಕೇಳಿದವರು ಅವರೇ ಮೊದಲು.

ಎಲ್ಲಕ್ಕಿಂತ ಬೇಗ ಫಲ ಕೊಟ್ಟದ್ದು ಮಾತ್ರ ಒಂದು ಫಾರಂ. ಜೆವಿ-290 ಅಂತ ಅದರ ಹೆಸರು. ಮಗುವನ್ನು ನೋಡಿಕೊಳ್ಳುತ್ತಿರುವವರು ತಮಗೆ ಗೊತ್ತಿರುವುದನ್ನು ಬರೆದು ಮಗುವಿನ ಕೇಸಿನ ವಿಚಾರಣೆಗೆ ಮುಂಚೆ ನೇರವಾಗಿ ಕೋರ್ಟಿಗೆ ಕೊಡಬಹುದು. ಏಜೆನ್ಸಿಯ ಕೈ ದಾಟಿ ಹೋಗಬೇಕಿಲ್ಲ. ಏಳು ತಿಂಗಳಲ್ಲಿ ಒಬ್ಬರೂ ನಮಗೆ ಈ ಫಾರಂ ಇದೆ ಅಂತ ಹೇಳಿರಲಿಲ್ಲ. ಸುಮ್ನೆ ನಡೆದದ್ದನ್ನು ಬರೆದೆ: ಇಂಥ ದಿನ ಬಿಟ್ಟೆ, ಇಂಥ ದಿನ ತಂದೆ, ಇಷ್ಟು ಮಾತ್ರೆ ಉಳಿದಿತ್ತು, ಶಾಲೆ ಇಷ್ಟು ದಿನ ತಪ್ಪಿತು. ಸಿಟ್ಟನ್ನು ಬರೆಯಲಿಲ್ಲ. ವಿಚಾರಣೆಗೆ ಮುಂಚೆಯೇ ಮಗುವಿನ ವಕೀಲರು ನನಗೆ ಕರೆ ಮಾಡಿದರು. ಮಗುವಿಗೆ ಅವನದೇ ವಕೀಲರು ಇದ್ದಾರೆ ಅನ್ನುವುದು ಕೂಡ ನನಗೆ ಹೆಸರಿಗಷ್ಟೇ ಗೊತ್ತಿತ್ತು. ಅವರ ನಂಬರನ್ನು ಮೊದಲ ದಿನವೇ ಕೇಳಿ ಇಟ್ಟುಕೊಳ್ಳಿ.

ಈಗ ಯಾರಾದರೂ ನನ್ನನ್ನು ಕೇಳಿದರೆ ಹೇಳುವುದು ಇದನ್ನೇ. ರೆಸ್ಪಿಟ್ ಮನೆ ನೋಡದೆ ಮಗುವನ್ನು ಬಿಡಬೇಡಿ. ಅಲ್ಲಿ ಈಗ ಎಷ್ಟು ಮಕ್ಕಳಿದ್ದಾರೆ, ಇವನು ಯಾವ ಹಾಸಿಗೆಯಲ್ಲಿ ಮಲಗುತ್ತಾನೆ ಅಂತ ಕೇಳಿ. ಹೇಳಲು ಹಿಂದೆ ಮುಂದೆ ನೋಡಿದರೆ ವಾಪಸ್ ಬನ್ನಿ. ಮಾತ್ರೆಗಳನ್ನು ಎಣಿಸಿ ಕೊಡಿ, ಅವರ ಎದುರಿಗೇ. ಏಜೆನ್ಸಿ ಫೋನಿನಲ್ಲಿ ಏನು ಒಪ್ಪಿದರೂ ಕರೆ ಮುಗಿದ ಕೂಡಲೇ, "ನೀವು ಈಗ ಹೀಗೆ ಹೇಳಿದಿರಿ" ಅಂತ ಎರಡು ಸಾಲು ಈಮೇಲ್ ಹಾಕಿ, ಕೌಂಟಿ ವರ್ಕರಿಗೂ ಒಂದು ಪ್ರತಿ ಹೋಗಲಿ. ನಾನು ಮಾಡಿದ ದೊಡ್ಡ ತಪ್ಪೇ ಅದು. "ಕೌಂಟಿಗೆ ನಾವು ಹೇಳುತ್ತೇವೆ" ಅನ್ನುವ ಮಾತನ್ನು ನಂಬಿ ಕೂತೆ. ಏಜೆನ್ಸಿಯವರು ಯಾವಾಗ ಬಂದರು, ಎಷ್ಟು ಹೊತ್ತು ಇದ್ದರು ಅಂತ ಗೋಡೆಯ ಕ್ಯಾಲೆಂಡರಿನಲ್ಲಾದರೂ ಗುರುತು ಹಾಕಿ.

ಲೈಸೆನ್ಸಿಂಗ್‌ನವರ ಪತ್ರ ತಿಂಗಳುಗಳ ಮೇಲೆ ಬಂತು. ಕೋಣೆಯ ವಿಷಯ, ಔಷಧಿಯ ವಿಷಯ ಸಾಬೀತಾಗಿದೆ. ಸುಳ್ಳು ಭೇಟಿಯ ವಿಷಯಕ್ಕೆ ಪುರಾವೆ ಸಾಲದು. ನನಗೆ ಆ ಮೂರನೆಯದೇ ಮುಖ್ಯವಾಗಿತ್ತು. ಏನು ಮಾಡುವುದು, ಹಿಂದಿನ ಎರಡು ವರದಿಗೆ ನನ್ನದೇ ಸಹಿ ಇದೆ. ನಮ್ಮ ಮನೆ ಈಗ ಏಜೆನ್ಸಿಯ ಕೆಳಗಿಲ್ಲ, ನೇರವಾಗಿ ಕೌಂಟಿಯ ಕೆಳಗಿದೆ. ಹುಡುಗ ನಮ್ಮ ಜೊತೆಯೇ ಇದ್ದಾನೆ.

ಮೊನ್ನೆ ಮತ್ತೆ ರೆಸ್ಪಿಟ್ ಬೇಕಾಯಿತು, ಒಂದೇ ರಾತ್ರಿಗೆ. ಹಿಂದಿನ ವಾರವೇ ಮೂವರೂ ಆ ಮನೆಗೆ ಹೋಗಿ ಒಂದು ಗಂಟೆ ಕೂತು ಬಂದೆವು. ಅವನು ಕೋಣೆಗೆ ಹೋಗಿ ಹಾಸಿಗೆ ಎಣಿಸಿ ಬಂದು, ಎರಡು ಅಂತ ನನ್ನ ಕಿವಿಯಲ್ಲಿ ಹೇಳಿದ. ಹೋಗುವ ದಿನ ನಾನು ಮೂರು ಜೊತೆ ಬಟ್ಟೆ ತುಂಬಿದ್ದೆ. ಅವನು ಎರಡು ಜೊತೆ ತೆಗೆದು ತನ್ನ ಕಪಾಟಿಗೆ ವಾಪಸ್ ಇಟ್ಟ.