ಊಟಿಯ ಸೇಂಟ್ ಥಾಮಸ್ ಚರ್ಚಿನ ಸ್ಮಶಾನ: ಗವರ್ನರ್ ಆಡಂ ಸಮಾಧಿ

ಮೈಸೂರು, ಗುಂಡ್ಲುಪೇಟೆ ಕಡೆಯಿಂದ ಊಟಿಗೆ ಬರುವ ಕನ್ನಡಿಗರು ಹಳೆಯ ಚರ್ಚನ್ನು ನೋಡಬೇಕೆಂದರೆ ಸಾಮಾನ್ಯವಾಗಿ ಸೇಂಟ್ ಸ್ಟೀಫನ್ಸ್‌ಗೆ ಹೋಗುತ್ತಾರೆ. ಶ್ರೀರಂಗಪಟ್ಟಣದ ಟಿಪ್ಪುವಿನ ಅರಮನೆಯಿಂದ ತಂದ ತೊಲೆಗಳು ಅಲ್ಲಿರುವುದರಿಂದ ಅದು ಸಹಜವೇ. ಆದರೆ ಸಮಾಧಿಶಿಲ್ಪದಲ್ಲಿ ಆಸಕ್ತಿ ಇರುವವರು ಕೆರೆಯ ಸಮೀಪದ ಸೇಂಟ್ ಥಾಮಸ್ ಚರ್ಚಿನ ಸ್ಮಶಾನವನ್ನು ನೋಡದೆ ಹಿಂತಿರುಗಬಾರದು. ಅಲ್ಲಿ ಎದ್ದು ಕಾಣುವುದು ಮದ್ರಾಸಿನ ಗವರ್ನರ್ ಆಗಿದ್ದ ವಿಲಿಯಂ ಪ್ಯಾಟ್ರಿಕ್ ಆಡಂ ಅವರ ಸಮಾಧಿ: ಸಂತ ಥಾಮಸರಿಗೆ ಅರ್ಪಿತವಾದ ದೊಡ್ಡದೊಂದು ಕಂಬ.

1880ರ ಡಿಸೆಂಬರಿನಲ್ಲಿ ಅಧಿಕಾರ ವಹಿಸಿಕೊಂಡ ಆಡಂ, ಐದೇ ತಿಂಗಳಲ್ಲಿ, 1881ರ ಮೇ 24ರಂದು, ಅಂದರೆ ವಿಕ್ಟೋರಿಯಾ ರಾಣಿಯ ಹುಟ್ಟುಹಬ್ಬದ ದಿನವೇ, ಊಟಿಯಲ್ಲಿ ತೀರಿಕೊಂಡರು. ಇಷ್ಟು ಅಲ್ಪಾವಧಿಯ ಆಡಳಿತಕ್ಕೆ ಅಷ್ಟು ದೊಡ್ಡ ಕಂಬವೇಕೆ ಎಂದು ಯಾರಿಗಾದರೂ ಅನ್ನಿಸಬಹುದು. ಕಂಬ ಎದ್ದದ್ದು ಹುದ್ದೆಗೆ ಎಂಬುದು ನನ್ನ ಎಣಿಕೆ. ಚಾರಿಂಗ್ ಕ್ರಾಸ್‌ನಲ್ಲಿ ಎಲ್ಲರೂ ಫೋಟೋ ತೆಗೆಸಿಕೊಳ್ಳುವ ಕಾರಂಜಿಯೂ ಇವರ ನೆನಪಿನದೇ.

ನನಗೆ ಹೆಚ್ಚು ಹಿಡಿಸಿದ್ದು ಬೇರೆಯೇ ಒಂದು ಹೊಂದಿಕೆ. ಆಡಂ ಅವರ ಮುತ್ತಜ್ಜ ಜಾನ್ ಆಡಂ ಮತ್ತು ಆತನ ತಮ್ಮ ರಾಬರ್ಟ್ ಆಡಂ ಸ್ಕಾಟ್ಲೆಂಡಿನ ಹೆಸರಾಂತ ವಾಸ್ತುಶಿಲ್ಪಿಗಳು. ಕ್ರೈಸ್ತ ಸಂಪ್ರದಾಯದಲ್ಲಿ ಸಂತ ಥಾಮಸರು ಕಟ್ಟಡ ಕಟ್ಟುವವರ ಪಾಲಕ ಸಂತರು. ಚರ್ಚಿನ ಹೆಸರೇ ಅದಾಗಿರುವುದರಿಂದ ಕಂಬವನ್ನು ಆ ಸಂತರಿಗೆ ಅರ್ಪಿಸಿರಬಹುದಾದರೂ, ಅಂಥ ಮನೆತನದವರ ಗೋರಿಗೆ ಅದಕ್ಕಿಂತ ಒಪ್ಪುವ ಹೆಸರು ಇನ್ನೊಂದಿರಲಾರದು.

ಕೊರತೆಯೆಂದರೆ ಎತ್ತರ. ಬುಡದಲ್ಲಿ ನಿಂತವರಿಗೆ ಕಂಬದ ತುದಿ ಸರಿಯಾಗಿ ಕಾಣದು; ಸಾಕಷ್ಟು ಹಿಂದೆ ಸರಿದು ನೋಡಬೇಕು, ಮಂಜು ಕವಿದ ದಿನವಾದರೆ ಅದೂ ವ್ಯರ್ಥ. ಸುತ್ತಲಿನ ಗಿಡ್ಡ ಗೋರಿಗಳು ಈ ವಿಷಯದಲ್ಲಿ ಹೆಚ್ಚು ಉದಾರಿಗಳು: ಕೆತ್ತನೆಯನ್ನು ಕಣ್ಣಿನ ಮಟ್ಟದಲ್ಲೇ ನೋಡಬಹುದು. ನೀಲಗಿರಿಯ ತೇವಕ್ಕೆ ಅಕ್ಷರಗಳ ಗೆರೆಗಳಲ್ಲಿ ಪಾಚಿ ಕೂತಿರುವ ಕಡೆ ಬೆಳಗಿನ ಓರೆಬಿಸಿಲು ಬಿದ್ದಾಗ ಮಾತ್ರ ಹೆಸರುಗಳನ್ನು ಕೂಡಿಸಿ ಓದಲು ಸಾಧ್ಯ. ದಯವಿಟ್ಟು ಬೀಗದ ಕೈಯಿಂದ ಕೆರೆಯಬೇಡಿ. ಪಾಚಿಯ ಜೊತೆಗೆ ಕಲ್ಲೂ ಉದುರುತ್ತದೆ.

ಭಾನುವಾರ ಪ್ರಾರ್ಥನೆಯ ಹೊತ್ತು ಬಿಟ್ಟು, ಚರ್ಚಿನವರನ್ನು ಒಂದು ಮಾತು ಕೇಳಿ ಒಳಗೆ ಹೋಗುವುದು ಒಳ್ಳೆಯದು. ಮಳೆಗಾಲದಲ್ಲಿ ಹುಲ್ಲು ಜಾರುತ್ತದೆ. ಹಿಡಿತವಿರುವ ಬೂಟು ಹಾಕಿಕೊಳ್ಳಿ.