ನೆಟ್‌ವರ್ಕ್ ಸೆಕ್ಯುರಿಟಿ ಕಲಿಯಲು ಯಾವುದು ಸರಿ: ಸ್ವಂತ ಲ್ಯಾಬ್, ಹ್ಯಾಕ್ ದಿ ಬಾಕ್ಸ್, ಟ್ರೈಹ್ಯಾಕ್‌ಮಿ, ಬ್ಯಾಂಡಿಟ್?

ದಾಳಿ ಮಾಡಿ ನೋಡುತ್ತಲೇ ನೆಟ್‌ವರ್ಕ್ ಸೆಕ್ಯುರಿಟಿ ಕಲಿಯಬೇಕು ಎನ್ನುವವರ ಮುಂದೆ ಸಾಮಾನ್ಯವಾಗಿ ನಾಲ್ಕು ದಾರಿಗಳಿರುತ್ತವೆ. ವರ್ಚುವಲ್‌ಬಾಕ್ಸ್‌ನಲ್ಲಿ (ಒಂದು ಕಂಪ್ಯೂಟರ್‌ನೊಳಗೆ ಬೇರೆ ಕಂಪ್ಯೂಟರ್‌ಗಳನ್ನು ಓಡಿಸುವ ತಂತ್ರಾಂಶ) ಕಾಲಿ ಲಿನಕ್ಸ್ (ದಾಳಿಯ ಉಪಕರಣಗಳಿರುವ ಲಿನಕ್ಸ್) ಮತ್ತು ಮೆಟಾಸ್ಪ್ಲಾಯ್ಟಬಲ್ 2 (ಬೇಕೆಂದೇ ದುರ್ಬಲವಾಗಿಟ್ಟ ಅಭ್ಯಾಸದ ಮೆಷಿನ್) ಹಾಕಿಕೊಂಡ ಸ್ವಂತ ಲ್ಯಾಬ್, ಹ್ಯಾಕ್ ದಿ ಬಾಕ್ಸ್ ಮತ್ತು ಟ್ರೈಹ್ಯಾಕ್‌ಮಿ ಎಂಬ ಆನ್‌ಲೈನ್ ಅಭ್ಯಾಸ ತಾಣಗಳು, ಓವರ್‌ದವೈರ್ ತಾಣದ ಬ್ಯಾಂಡಿಟ್ ಎಂಬ ಆಟ. ನಾಲ್ಕನ್ನೂ ಬಳಸಿ ನೋಡಿದ ಮೇಲೆ ಅಳೆಯಬೇಕಾದ್ದು ಒಂದೇ ಎನಿಸುತ್ತದೆ: ಏಟು ತಿನ್ನುತ್ತಿರುವ ಮೆಷಿನ್‌ನ ಒಳಗೆ ಕೂತು ನೋಡಲು ಅವಕಾಶ ಇದೆಯೇ? ದಾಳಿ ಮಾಡಿದ ಮಾತ್ರಕ್ಕೆ ತಡೆಯುವುದು ಬರುವುದಿಲ್ಲ.

ಹೋಲಿಕೆಗೆ ಒಂದೇ ದಾಳಿ ಇಟ್ಟುಕೊಳ್ಳೋಣ. 2011ರ ಜುಲೈನಲ್ಲಿ ವಿಎಸ್‌ಎಫ್‌ಟಿಪಿಡಿ ಎಂಬ ಎಫ್‌ಟಿಪಿ (ಫೈಲ್ ವರ್ಗಾವಣೆ) ಸರ್ವರ್‌ನ 2.3.4 ಆವೃತ್ತಿಯ ಅಧಿಕೃತ ಡೌನ್‌ಲೋಡ್ ಫೈಲಿನೊಳಗೆ ಯಾರೋ ಹಿಂಬಾಗಿಲು ಸೇರಿಸಿದ್ದು ಪತ್ತೆಯಾಯಿತು. ಯೂಸರ್‌ನೇಮ್‌ನಲ್ಲಿ ಕೋಲನ್ ಮತ್ತು ಬಲ ಆವರಣ ಚಿಹ್ನೆ, ಅಂದರೆ ನಗುಮುಖ, ಬಂದರೆ ಸರ್ವರ್ 6200ನೇ ಪೋರ್ಟ್‌ನಲ್ಲಿ (ಸಂಪರ್ಕದ ಬಾಗಿಲು) ರೂಟ್ ಶೆಲ್, ಅಂದರೆ ಪೂರ್ಣ ಅಧಿಕಾರದ ಕಮಾಂಡ್ ಕಿಟಕಿ, ತೆರೆಯುತ್ತದೆ. ಡಿಜಿಟಲ್ ಸಹಿ ಪರೀಕ್ಷಿಸಿದವರಿಗೆ ಫೈಲ್ ಕೆಟ್ಟಿರುವುದು ಗೊತ್ತಾಗುತ್ತಿತ್ತು. ಇದೇ ಆವೃತ್ತಿ ಮೆಟಾಸ್ಪ್ಲಾಯ್ಟಬಲ್ 2ರಲ್ಲೂ ಇದೆ, ಹ್ಯಾಕ್ ದಿ ಬಾಕ್ಸ್‌ನ ಲೇಮ್ ಎಂಬ ಮೆಷಿನ್‌ನಲ್ಲೂ ಇದೆ. ಒಂದರಲ್ಲಿ ಶೆಲ್ ಸಿಗುತ್ತದೆ, ಇನ್ನೊಂದರಲ್ಲಿ ಸಿಗುವುದಿಲ್ಲ.

ಮೊದಲು ಸ್ವಂತ ಲ್ಯಾಬ್. ಕಾಲಿಗೆ 2 ಜಿಬಿ ರ‍್ಯಾಮ್, ಮೆಟಾಸ್ಪ್ಲಾಯ್ಟಬಲ್‌ಗೆ 512 ಎಂಬಿ ಸಾಕು. 8 ಜಿಬಿಯ ಲ್ಯಾಪ್‌ಟಾಪ್‌ನಲ್ಲಿ ಎರಡೂ ಆರಾಮಾಗಿ ಓಡುತ್ತವೆ. ಮೆಟಾಸ್ಪ್ಲಾಯ್ಟಬಲ್ ಬರುವುದು ಇನ್‌ಸ್ಟಾಲರ್ ಆಗಿ ಅಲ್ಲ, ಸಿದ್ಧ ಡಿಸ್ಕ್ ಫೈಲ್ ಆಗಿ. ಹೊಸ ವರ್ಚುವಲ್ ಮೆಷಿನ್ ಮಾಡುವಾಗ ಈಗಾಗಲೇ ಇರುವ ಹಾರ್ಡ್‌ಡಿಸ್ಕ್ ಬಳಸುವ ಆಯ್ಕೆ ಒತ್ತಿ ಅದನ್ನು ತೋರಿಸಬೇಕು. ಯೂಸರ್‌ನೇಮ್, ಪಾಸ್‌ವರ್ಡ್ ಎರಡೂ ಎಂಎಸ್‌ಎಫ್‌ಅಡ್ಮಿನ್. ನೆಟ್‌ವರ್ಕ್ ಅಡಾಪ್ಟರ್ ಹೋಸ್ಟ್-ಓನ್ಲಿ (ನಿಮ್ಮ ಕಂಪ್ಯೂಟರ್‌ನೊಳಗಷ್ಟೇ ಇರುವ ಜಾಲ) ಇರಲೇಬೇಕು. ಬ್ರಿಡ್ಜ್ಡ್ ಮಾಡಿದರೆ ಹಾಸ್ಟೆಲ್ ಅಥವಾ ಆಫೀಸಿನ ವೈಫೈನಲ್ಲಿರುವವರೆಲ್ಲ ಆ ಮೆಷಿನ್‌ಗೆ ತಲುಪಬಹುದು. ಅದರ 1524ನೇ ಪೋರ್ಟ್ ಪಾಸ್‌ವರ್ಡ್ ಕೇಳದೆಯೇ ರೂಟ್ ಶೆಲ್ ಕೊಡುತ್ತದೆ, ನೆನಪಿರಲಿ. ಶುರು ಮಾಡುವ ಮೊದಲು ಒಂದು ಸ್ನ್ಯಾಪ್‌ಶಾಟ್ (ಕೆಟ್ಟರೆ ಮರಳಿ ತರಲು ಮೆಷಿನ್‌ನ ಆ ಕ್ಷಣದ ಪ್ರತಿ) ತೆಗೆದಿಡಿ. ವಿಂಡೋಸ್‌ನದೇ ವರ್ಚುವಲ್ ಮೆಷಿನ್ ವ್ಯವಸ್ಥೆಯಾದ ಹೈಪರ್-ವಿ ಚಾಲೂ ಇದ್ದರೆ ವರ್ಚುವಲ್‌ಬಾಕ್ಸ್‌ನ ಕೆಳಮೂಲೆಯಲ್ಲಿ ಹಸಿರು ಆಮೆಯ ಚಿತ್ರ ಕಾಣುತ್ತದೆ. ಎಲ್ಲವೂ ತೆವಳುತ್ತಿದ್ದರೆ ಕಾರಣ ಅದೇ.

ತೆರೆದ ಪೋರ್ಟ್‌ಗಳನ್ನು ಹುಡುಕುವ ಎನ್‌ಮ್ಯಾಪ್ ಓಡಿಸಿದಾಗಲೇ ಮೊದಲ ಪಾಠ ಸಿಗುತ್ತದೆ. ಏನೂ ಹೇಳದೆ ಓಡಿಸಿದರೆ ಅದು ಹೆಚ್ಚು ಬಳಕೆಯ 1000 ಪೋರ್ಟ್‌ಗಳನ್ನಷ್ಟೇ ನೋಡುತ್ತದೆ, 23 ತೆರೆದಿವೆ ಎನ್ನುತ್ತದೆ. 65535ನ್ನೂ ನೋಡು ಎಂದರೆ 30 ಸಿಗುತ್ತವೆ. ತಪ್ಪಿಹೋದವುಗಳಲ್ಲಿ 3632ರ ಡಿಸ್ಟ್‌ಸಿಸಿ ಎಂಬ ಸೇವೆಯೂ ಒಂದು, ಅದೂ ಒಳನುಗ್ಗುವ ದಾರಿಯೇ.

ಈಗ ಕಾಲಿಯಲ್ಲಿ, ಹೋಗಿಬರುವ ಪ್ಯಾಕೆಟ್‌ಗಳನ್ನು ತೋರಿಸುವ ವೈರ್‌ಶಾರ್ಕ್ ತೆರೆದು 21 ಮತ್ತು 6200ನೇ ಪೋರ್ಟ್‌ಗಳಿಗೆ ಫಿಲ್ಟರ್ ಹಾಕಿ. ಪೋರ್ಟ್‌ಗೆ ನೇರ ಸಂಪರ್ಕ ಕೊಡುವ ನೆಟ್‌ಕ್ಯಾಟ್‌ನಿಂದ ಮೊದಲು 6200ಕ್ಕೆ ಹೋಗಿ ನೋಡಿ: ನಿಮ್ಮ ಸಿನ್ ಪ್ಯಾಕೆಟ್‌ಗೆ (ಸಂಪರ್ಕದ ಕೋರಿಕೆ) ತಕ್ಷಣ ರೀಸೆಟ್ (ನಿರಾಕರಣೆ) ಬರುತ್ತದೆ. ಆಮೇಲೆ 21ಕ್ಕೆ ಹೋಗಿ, ಯೂಸರ್ ಎಂದು ಬರೆದು ಯಾವುದೋ ಹೆಸರಿನ ಕೊನೆಗೆ ನಗುಮುಖ ಸೇರಿಸಿ, ಪಾಸ್ ಎಂದು ಏನಾದರೂ ಕೊಡಿ. ಟರ್ಮಿನಲ್ ಅಲ್ಲೇ ನಿಲ್ಲುತ್ತದೆ. ಅದನ್ನು ಮುಚ್ಚದೆ ಇನ್ನೊಂದು ಟರ್ಮಿನಲ್‌ನಲ್ಲಿ ಮತ್ತೆ 6200ಕ್ಕೆ ಹೋದರೆ ಈ ಸಲ ಸಿನ್-ಆ್ಯಕ್ (ಒಪ್ಪಿಗೆ) ಬರುತ್ತದೆ. ಐಡಿ ಎಂದು ಟೈಪ್ ಮಾಡಿದರೆ ರೂಟ್. ಅದೇ ಹೊತ್ತಿಗೆ ಬಲಿಯಾದ ಮೆಷಿನ್‌ನ ಕನ್ಸೋಲ್‌ನಲ್ಲಿ, ತೆರೆದ ಪೋರ್ಟ್‌ಗಳ ಪಟ್ಟಿ ಕೊಡುವ ನೆಟ್‌ಸ್ಟ್ಯಾಟ್ ಓಡಿಸಿ. ಅರೆಗಳಿಗೆಯ ಹಿಂದೆ ಇಲ್ಲದಿದ್ದ 6200 ಅಲ್ಲಿ ಕಾಣುತ್ತದೆ. ವೈರ್‌ಶಾರ್ಕ್‌ನಲ್ಲಿ ಆ ಟಿಸಿಪಿ ಸ್ಟ್ರೀಮ್ ತೆರೆದರೆ ನೀವು ಹೊಡೆದ ಪ್ರತಿ ಕಮಾಂಡ್ ಬಿಚ್ಚು ಅಕ್ಷರದಲ್ಲಿದೆ. ದಾಳಿಯ ಗುರುತು ಹೇಗಿರುತ್ತದೆ ಎಂಬುದನ್ನು ಇಷ್ಟು ಸ್ಪಷ್ಟವಾಗಿ ತೋರಿಸುವ ಇನ್ನೊಂದು ಅಭ್ಯಾಸ ಸಿಗುವುದು ಕಷ್ಟ.

ಇದೇ ದಾಳಿಯನ್ನು ಲೇಮ್ ಮೇಲೆ ಮಾಡಿ. ಬ್ಯಾನರ್ (ಸರ್ವರ್ ಹೇಳಿಕೊಳ್ಳುವ ಹೆಸರು, ಆವೃತ್ತಿ) ಅದೇ, ನಗುಮುಖ ಅದೇ, ಆದರೆ 6200ರಿಂದ ಉತ್ತರವೇ ಇಲ್ಲ. ರೀಸೆಟ್ ಕೂಡ ಬರದೆ ಸಿನ್ ಪ್ಯಾಕೆಟ್ ಸ್ವಲ್ಪ ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಮತ್ತೆ ಹೋಗುತ್ತದೆ. ಹಿಂಬಾಗಿಲು ತೆರೆದಿದೆ, ಮುಂದೆ ಫೈರ್‌ವಾಲ್ ನಿಂತಿದೆ. ಹೊರಗಿನಿಂದ ನೋಡುವವನಿಗೆ ಇದು ಊಹೆ ಮಾತ್ರ. ಮನೆಯ ಲ್ಯಾಬ್‌ನಲ್ಲಿ ಇದನ್ನೇ ನೀವು ಕಟ್ಟಬಹುದು. ಲಿನಕ್ಸ್‌ನ ಫೈರ್‌ವಾಲ್ ಆದ ಐಪಿಟೇಬಲ್ಸ್‌ನಲ್ಲಿ ಈಗಾಗಲೇ ಸ್ಥಾಪಿತವಾದ ಸಂಪರ್ಕಗಳಿಗೆ ಮೊದಲು ಅನುಮತಿ, ನಂತರ 21, 22, 139, 445, 3632ಕ್ಕೆ ಅನುಮತಿ, ಕೊನೆಗೆ ಒಳಬರುವ ಉಳಿದೆಲ್ಲಕ್ಕೂ ಡ್ರಾಪ್ (ಉತ್ತರಿಸದೆ ಬಿಸಾಡುವುದು). ಕ್ರಮ ತಪ್ಪಿ ಡ್ರಾಪ್ ಮೊದಲು ಹಾಕಿದರೆ ಎಸ್‌ಎಸ್‌ಎಚ್‌ನಲ್ಲಿ (ದೂರದಿಂದ ಲಾಗಿನ್ ಆಗುವ ವಿಧಾನ) ಕೂತವರು ಅಲ್ಲೇ ಹೊರಬೀಳುತ್ತಾರೆ. ಹಾಗಾಗಿ ಈ ಕೆಲಸವನ್ನು ವರ್ಚುವಲ್‌ಬಾಕ್ಸ್ ಕಿಟಕಿಯಿಂದಲೇ ಮಾಡಿ. (ಕಾಲಿಯಿಂದ ಈ ಮೆಷಿನ್‌ಗೆ ಎಸ್‌ಎಸ್‌ಎಚ್ ಮಾಡುವಾಗ ಹೋಸ್ಟ್ ಕೀ ಹೊಂದುತ್ತಿಲ್ಲ ಎಂದರೆ ಹೋಸ್ಟ್-ಕೀ ಆಲ್ಗರಿದಮ್ಸ್ ಆಯ್ಕೆಗೆ ಎಸ್‌ಎಸ್‌ಎಚ್-ಆರ್‌ಎಸ್‌ಎ ಸೇರಿಸಿ. ಓಪನ್‌ಎಸ್‌ಎಸ್‌ಎಚ್ 8.8ರಿಂದ ಈ ಹಳೆಯ ಸಹಿಯನ್ನು ಪೂರ್ವನಿಯೋಜಿತವಾಗಿ ಒಪ್ಪುವುದಿಲ್ಲ.)

ಲೇಮ್ ಬೀಳುವುದು ಫೈಲ್ ಹಂಚುವ ಸರ್ವರ್ ಆದ ಸ್ಯಾಂಬಾ 3.0.20ರಿಂದ. ಯೂಸರ್‌ನೇಮ್ ಮ್ಯಾಪ್ ಸ್ಕ್ರಿಪ್ಟ್ ಎಂಬ ಸೆಟ್ಟಿಂಗ್ ಇದ್ದಾಗ, ಕೊಟ್ಟ ಹೆಸರಿನೊಳಗಿನ ಶೆಲ್ ಚಿಹ್ನೆಗಳನ್ನು ಸ್ಯಾಂಬಾ ಹಾಗೇ ಓಡಿಸಿಬಿಡುತ್ತಿತ್ತು. ಇಲ್ಲಿ ಶೆಲ್ ಒಳಗಿನಿಂದ ಹೊರಕ್ಕೆ, ನಿಮ್ಮ ಕಡೆಗೆ ಬರುತ್ತದೆ. ಒಳಬರುವುದನ್ನಷ್ಟೇ ತಡೆದ ಫೈರ್‌ವಾಲ್‌ಗೆ ಇದು ಲೆಕ್ಕಕ್ಕೇ ಇಲ್ಲ. ಲ್ಯಾಬ್‌ನಲ್ಲಿ ಹೊರಹೋಗುವ ಹೊಸ ಸಂಪರ್ಕಗಳನ್ನೂ ಡ್ರಾಪ್ ಮಾಡಿದರೆ ಶೆಲ್ ನಿಲ್ಲುತ್ತದೆ, ಆದರೆ ಕಮಾಂಡ್ ರೂಟ್ ಆಗಿ ಓಡಿಯೇ ಇರುತ್ತದೆ. ಆ ಸೆಟ್ಟಿಂಗ್ ತೆಗೆಯುವುದು ಅಥವಾ ಸ್ಯಾಂಬಾ ಅಪ್‌ಡೇಟ್ ಮಾಡುವುದೇ ನಿಜವಾದ ಪರಿಹಾರ. ಇದನ್ನೆಲ್ಲ ಮಾಡಿ ನೋಡಲು ಹ್ಯಾಕ್ ದಿ ಬಾಕ್ಸ್‌ನಲ್ಲಿ ಜಾಗವೇ ಇಲ್ಲ. ಮೆಷಿನ್ ಬಿದ್ದಿತು, ಫ್ಲ್ಯಾಗ್ (ಗೆದ್ದದ್ದಕ್ಕೆ ಸಾಕ್ಷಿಯಾದ ಗುಪ್ತ ಅಕ್ಷರಸಾಲು) ಸಿಕ್ಕಿತು, ಮುಗಿಯಿತು.

ಸಿದ್ಧ ದಾಳಿಗಳ ಉಪಕರಣವಾದ ಮೆಟಾಸ್ಪ್ಲಾಯ್ಟ್‌ನಲ್ಲಿ ದಾಳಿ ಮುಗಿಯಿತು, ಸೆಷನ್ ಮಾತ್ರ ಆಗಲಿಲ್ಲ ಎಂಬ ಸಂದೇಶ ಬಂದರೆ ಮೊದಲು ಎಲ್‌ಹೋಸ್ಟ್ (ಶೆಲ್ ಮರಳಿ ಬರಬೇಕಾದ ನಿಮ್ಮ ವಿಳಾಸ) ನೋಡಿ. ಕಾಲಿಯಲ್ಲಿ ಎರಡು ಅಡಾಪ್ಟರ್ ಇದ್ದಾಗ ಅದು ಸುಮ್ಮನೆ 10.0.2.15 ಹಿಡಿದುಕೊಂಡಿರುತ್ತದೆ. ಅದು ವರ್ಚುವಲ್‌ಬಾಕ್ಸ್‌ನ ನ್ಯಾಟ್ ವಿಳಾಸ, ಬಲಿಯಾದ ಮೆಷಿನ್‌ಗೆ ಆ ದಾರಿ ಗೊತ್ತಿಲ್ಲ. ಲ್ಯಾಬ್‌ನಲ್ಲಿ 192.168.56ರ ವಿಳಾಸ ಕೊಡಬೇಕು, ಹ್ಯಾಕ್ ದಿ ಬಾಕ್ಸ್‌ನಲ್ಲಿ ವಿಪಿಎನ್‌ನ ಟನ್0 ವಿಳಾಸ.

ಆದರೂ ಹ್ಯಾಕ್ ದಿ ಬಾಕ್ಸ್‌ನ ಬೆಲೆ ಕಡಿಮೆಯಲ್ಲ. ಸುಳಿವಿಲ್ಲದ ಮೆಷಿನ್ ಮುಂದೆ ಕೂರುವ ಅಭ್ಯಾಸ ಅಲ್ಲೇ ಆಗಬೇಕು. ಚಾಲ್ತಿಯಲ್ಲಿರುವ ಮೆಷಿನ್‌ಗಳು ಉಚಿತ ಖಾತೆಗೂ ಸಿಗುತ್ತವೆ. ಲೇಮ್‌ನಂಥ ನಿವೃತ್ತ ಮೆಷಿನ್‌ಗಳಿಗೆ ಸಾಮಾನ್ಯವಾಗಿ ದುಡ್ಡು ಕಟ್ಟಬೇಕು, ಅವುಗಳ ಪರಿಹಾರ ಎಲ್ಲೆಡೆ ಸಿಗುತ್ತದೆ. ವೆಬ್ ಪುಟ ತೆರೆಯುತ್ತಿಲ್ಲ ಎಂದು ಹೊಸಬರು ಗಂಟೆಗಟ್ಟಲೆ ಒದ್ದಾಡುವುದು ಹೋಸ್ಟ್ಸ್ ಫೈಲಿನಿಂದ: ಸರ್ವರ್ ಒಂದು ಹೆಸರಿಗೆ ಕಳಿಸುತ್ತದೆ, ಆ ಹೆಸರು ಯಾವ ಡಿಎನ್‌ಎಸ್‌ನಲ್ಲೂ ಇಲ್ಲ, ಐಪಿ ಜೊತೆ ನೀವೇ ಬರೆಯಬೇಕು.

ಟ್ರೈಹ್ಯಾಕ್‌ಮಿ ಕೈಹಿಡಿದು ನಡೆಸುತ್ತದೆ. ಬ್ರೌಸರ್‌ನಲ್ಲೇ ಅಟ್ಯಾಕ್‌ಬಾಕ್ಸ್ (ದಾಳಿಗೆ ಸಿದ್ಧವಾದ ಮೆಷಿನ್) ತೆರೆಯುವುದರಿಂದ ಕಂಪ್ಯೂಟರ್ ದುರ್ಬಲವಾಗಿದ್ದರೂ ನಡೆಯುತ್ತದೆ, ಉಚಿತ ಖಾತೆಗೆ ಸಮಯದ ಮಿತಿ ಇದೆ. ಅದರ ಬ್ಲೂ ಎಂಬ ಕೊಠಡಿಯಲ್ಲಿ (ಪಾಠದಲ್ಲಿ) ವಿಂಡೋಸ್ ಮೇಲಿನ ಎಟರ್ನಲ್‌ಬ್ಲೂ ದಾಳಿಯನ್ನು ಹೆಜ್ಜೆ ಹೆಜ್ಜೆಯಾಗಿ ಮಾಡಿಸುತ್ತಾರೆ. ಅಪಾಯವೂ ಅಲ್ಲೇ: ಖಾಲಿ ಜಾಗ ತುಂಬುತ್ತಾ ಹೋದರೆ ಕೊಠಡಿ ಮುಗಿಯುತ್ತದೆ, ತಲೆಯಲ್ಲಿ ಏನೂ ಉಳಿದಿರುವುದಿಲ್ಲ. ಪ್ರತಿ ಕಮಾಂಡಿಗೂ ಅದು ಯಾವ ಪ್ಯಾಕೆಟ್ ಕಳಿಸಿತು ಎಂದು ಕೇಳಿಕೊಳ್ಳುವವರಿಗೆ ಮಾತ್ರ ಇದು ಸಾರ್ಥಕ. ವಿಪಿಎನ್‌ನಲ್ಲಿ ಪಿಂಗ್ ಹೋಗಿ ಪುಟ ಮಾತ್ರ ನಿಂತುಹೋದರೆ ಟನ್0ರ ಎಂಟಿಯು (ಪ್ಯಾಕೆಟ್‌ನ ಗರಿಷ್ಠ ಗಾತ್ರ) 1200ಕ್ಕೆ ಇಳಿಸಿ ನೋಡಿ. ಓಪನ್‌ವಿಪಿಎನ್ ಎರಡು ಸಲ ಓಡುತ್ತಿಲ್ಲ ಎಂಬುದನ್ನೂ ಖಚಿತಪಡಿಸಿಕೊಳ್ಳಿ.

ಬ್ಯಾಂಡಿಟ್ ದಾಳಿ ಕಲಿಸುವುದಿಲ್ಲ, ಲಿನಕ್ಸ್ ಕಲಿಸುತ್ತದೆ. ಎಸ್‌ಎಸ್‌ಎಚ್‌ನಲ್ಲಿ 2220ನೇ ಪೋರ್ಟ್‌ಗೆ ಹೋಗಬೇಕು, ಪೂರ್ತಿ ಉಚಿತ. ಟರ್ಮಿನಲ್ ಕಂಡರೆ ಕೈ ನಡುಗುವವರು ಉಳಿದ ಮೂರಕ್ಕಿಂತ ಮೊದಲು ಇದನ್ನು ಮುಗಿಸಬೇಕು.

ಹೊರಗಿನ ಮೆಷಿನ್‌ಗಳ ಮೇಲೆ ಇವ್ಯಾವುದನ್ನೂ ಪ್ರಯೋಗಿಸಬೇಡಿ, ಸ್ನೇಹಿತರ ರೌಟರ್ ಆದರೂ ಸರಿ. ಅನುಮತಿ ಇಲ್ಲದೆ ಒಳನುಗ್ಗಿದರೆ ಐಟಿ ಕಾಯ್ದೆಯ 66ನೇ ಸೆಕ್ಷನ್ ಅಡಿ 3 ವರ್ಷದವರೆಗೆ ಜೈಲು, 5 ಲಕ್ಷ ರೂಪಾಯಿವರೆಗೆ ದಂಡ ಅಥವಾ ಎರಡೂ ಆಗಬಹುದು.

ನಮ್ಮ ಆಯ್ಕೆ ಸ್ವಂತ ಲ್ಯಾಬ್. ಟ್ರೈಹ್ಯಾಕ್‌ಮಿ ಅದರ ಪಕ್ಕಕ್ಕಿರಲಿ, ಹ್ಯಾಕ್ ದಿ ಬಾಕ್ಸ್ ಆಮೇಲೆ. ಲ್ಯಾಪ್‌ಟಾಪ್‌ನಲ್ಲಿ 4 ಜಿಬಿ ಮಾತ್ರ ಇದ್ದರೆ ಕಾಲಿಯನ್ನು ಬಿಟ್ಟುಬಿಡಿ. ಮೆಟಾಸ್ಪ್ಲಾಯ್ಟಬಲ್ ಒಂದನ್ನೇ ಓಡಿಸಿ, ವಿಂಡೋಸ್‌ನಲ್ಲಿ ಎನ್‌ಮ್ಯಾಪ್ ಮತ್ತು ವೈರ್‌ಶಾರ್ಕ್ ಹಾಕಿಕೊಳ್ಳಿ. ನೆಟ್‌ಕ್ಯಾಟ್‌ನ ಕೆಲಸ ಮಾಡುವ ಎನ್‌ಕ್ಯಾಟ್ ಎನ್‌ಮ್ಯಾಪ್ ಜೊತೆಗೇ ಬರುತ್ತದೆ. ಹೋಸ್ಟ್-ಓನ್ಲಿ ಜಾಲದಲ್ಲಿ ವಿಂಡೋಸ್‌ನ ವಿಳಾಸ ಸಾಮಾನ್ಯವಾಗಿ 192.168.56.1. ನಗುಮುಖದ ದಾಳಿಗೆ ಅಷ್ಟು ಸಾಕು.