ಐ ಟ್ರ್ಯಾಕಿಂಗ್ ಕನ್ನಡಕ: ವರ್ಷ ಬಳಸಿದ್ಮೇಲೆ ಅನಿಸಿದ್ದು

ಮಣಿಕಟ್ಟು ನೋವಿಗೆ ಮೌಸ್ ಕಮ್ಮಿ ಮಾಡೋಣ ಅಂತ ತಗೊಂಡಿದ್ದು ಇದು, ಕಣ್ಣು ಎಲ್ಲಿ ನೋಡ್ತಿದೆ ಅಂತ ಕಂಡುಹಿಡಿದು ಸ್ಕ್ರೀನಿನ ಪಾಯಿಂಟರನ್ನ ಅಲ್ಲಿಗೆ ಒಯ್ಯೋ ಕನ್ನಡಕ. ವರ್ಷದ ಮೇಲಾಯ್ತು, ದಿನಾ ಹಾಕ್ಕೊಂಡೇ ಕೆಲ್ಸಕ್ಕೆ ಕೂರೋದು. ಫ್ರೇಮ್ ರೇಟು ಬ್ಯಾಟರಿ ಎಲ್ಲಾ ಡಬ್ಬಿ ಮೇಲೇ ಇರುತ್ತೆ, ಬಿಡಿ. ನನ್ ತಲೆ ತಿಂದಿರೋದು ಒಂದೇ, ಜಾರೋದು.

ಬೆಳಗ್ಗೆ ಲೆನ್ಸ್ ಒರೆಸಿ, ಮೂಗಿನ ಮೇಲೆ ಸರಿಯಾಗಿ ಕೂರಿಸಿ, ಕನ್ನಡಕ ನನ್ ಕಣ್ಣಿಗೆ ಹೊಂದಿಕೊಳ್ಳಲಿ ಅಂತ ಸ್ಕ್ರೀನ್ ಮೇಲೆ ಬರೋ ಒಂಬತ್ತು ಚುಕ್ಕೆಗಳನ್ನ ಒಂದೊಂದಾಗಿ ನೋಡ್ತೀನಿ. ನೋಡ್ತಾ ನೋಡ್ತಾ ಚುಕ್ಕೆ ಸಣ್ಣ ಆಗಿ ಮಾಯ, ಆಮೇಲೆ ಇನ್ನೊಂದು ಮೂಲೇಲಿ ಮತ್ತೊಂದು. ಇದಾದ ಮೇಲೆ ಸ್ವಲ್ಪ ಹೊತ್ತು ಕಣ್ಣು ಹೋದಲ್ಲಿ ಪಾಯಿಂಟರ್, ಎಷ್ಟು ಖುಷಿ ಅಂದ್ರೆ! ಅಷ್ಟರಲ್ಲಿ ಮೂಗು ಬೆವರುತ್ತೆ, ಇಲ್ಲಾ ನಕ್ಕಾಗ ಕೆನ್ನೆ ಫ್ರೇಮನ್ನ ಮೇಲೆ ತಳ್ಳುತ್ತೆ, ಮುಗೀತು, ನಾನು ನೋಡ್ತಿರೋದು 'ಕಳಿಸು', ಪಾಯಿಂಟರ್ ಕೂತಿರೋದು 'ಅಳಿಸು' ಮೇಲೆ. ಫ್ರೇಮಲ್ಲಿರೋ ಇನ್‌ಫ್ರಾರೆಡ್ ಬೆಳಕು ಕಣ್ಣಿನ ಮೇಲೆ ಎಲ್ಲಿ ಹೊಳೀತಿದೆ, ಪಾಪೆ ಎಲ್ಲಿದೆ ಅಂತ ಕ್ಯಾಮೆರಾ ನೋಡಿ ಲೆಕ್ಕ ಹಾಕೋದು, ಆ ಕ್ಯಾಮೆರಾನೇ ಸರಿದ್ರೆ ಲೆಕ್ಕ ಎಲ್ಲಿಂದ ಬರ್ಬೇಕು? 1 ಡಿಗ್ರಿ ತಪ್ಪಿದ್ರೂ 60 ಸೆಂಟಿಮೀಟರ್ ದೂರದ ಸ್ಕ್ರೀನಲ್ಲಿ ಸುಮಾರು 1 ಸೆಂಟಿಮೀಟರ್ ಆಚೆ ಹೋಗುತ್ತೆ. ಟ್ಯಾಬ್ ಮುಚ್ಚೋ ಗುರುತು ಅಷ್ಟು ಅಗಲನೂ ಇರಲ್ಲ. ಕಿಟಕಿಯಿಂದ ನೇರ ಬಿಸಿಲು ಮುಖಕ್ಕೆ ಬಿದ್ರೆ ಇನ್ನೂ ಕಷ್ಟ, ಬಿಸಿಲಲ್ಲೂ ಇನ್‌ಫ್ರಾರೆಡ್ ಇದೆಯಲ್ಲ.

ದಿಟ್ಟಿಸಿದ್ರೆ ತಾನೇ ಕ್ಲಿಕ್ ಆಗೋ ಸೆಟ್ಟಿಂಗ್ ಮೊದಲೇ ಆಫ್ ಮಾಡ್ಬಿಡಿ. ಸುಮ್ನೆ ಓದೋಕೆ ನಿಂತ ಕಡೆಯೆಲ್ಲ ಏನಾದ್ರೂ ತೆರೆದುಕೊಳ್ಳುತ್ತೆ, 1990ರಷ್ಟು ಹಿಂದೆಯೇ ರಾಬರ್ಟ್ ಜೇಕಬ್ ಅನ್ನೋ ಸಂಶೋಧಕರು ಇದನ್ನ ಮೈಡಾಸ್ ಟಚ್ ಅಂತ ಬರೆದಿದ್ರು, ಮುಟ್ಟಿದ್ದೆಲ್ಲ ಚಿನ್ನ ಆಗಿ ಪಜೀತಿಗೆ ಬಿದ್ದ ಕಥೆಯ ಮೈಡಾಸ್ ರಾಜನ ಹಾಗೆ. ನಾನೀಗ ಕಣ್ಣಲ್ಲಿ ತೋರ್ಸಿ ಎಡಗೈಲಿ ಒಂದು ಕೀ ಒತ್ತುತೀನಿ, ಅರ್ಧ ತಲೆನೋವು ಹೋಯ್ತು.

ವಾಪಸ್ ಕೊಟ್ಬಿಡೋಣ ಅನ್ಸಿದ್ದಾಗ ತಡೆದಿದ್ದು ಓದೋದು. ಉದ್ದದ ಲೇಖನ ತೆಗೆದು ಒರಗಿ ಕೂತ್ರೆ, ಕಣ್ಣು ಕೆಳಗಿನ ಸಾಲಿಗೆ ಬರ್ತಿದ್ದ ಹಾಗೇ ಪುಟ ಮೆಲ್ಲಗೆ ಮೇಲೆ ಸರಿಯುತ್ತೆ, ಮೇಲೆ ನೋಡಿದ್ರೆ ನಿಲ್ಲುತ್ತೆ, ಎರಡೂ ಕೈ ಮಡಿಲಲ್ಲೇ. ಇಲ್ಲಿ ಒಂದು ಸೆಂಟಿಮೀಟರ್ ಆಚೀಚೆ ಆದ್ರೂ ಲೆಕ್ಕಕ್ಕಿಲ್ಲ. ಸಂಜೆ ಹೊತ್ತಿಗೆ ಮಣಿಕಟ್ಟು ಹಗುರ ಇರುತ್ತೆ, ನನಗೆ ಕೊಟ್ಟ ದುಡ್ಡಿಗೆ ಅದೇ ಸಾಕು.

ಓದೋದು, ಮೇಲ್ ನೋಡೋದೇ ಜಾಸ್ತಿ ಇದ್ರೆ ತಗೊಳ್ಳಿ. ಎಕ್ಸೆಲ್, ಡಿಸೈನ್ ಕೆಲಸಕ್ಕೆ ಬೇಡ. ಆದ್ರೆ ಕೈ ಆಡದೇ ಇರೋರಿಗೆ ಮೌಸಿಗೆ ವಾಪಸ್ ಹೋಗೋ ದಾರಿನೇ ಇಲ್ಲ, ಅವರಿಗೆ ಈ ಜಾರಾಟ ಸಣ್ಣ ವಿಷಯ ಅಲ್ಲ. ಒಂದೇ ಚುಕ್ಕೆ ನೋಡಿ ತಕ್ಷಣ ಸರಿ ಮಾಡ್ಕೊಳ್ಳೋ ಹಾಗೆ ಮುಂದಿನ ಅಪ್‌ಡೇಟಲ್ಲಾದ್ರೂ ಕೊಡ್ಲಿ, ಅದೂ ಕೈ ಮುಟ್ಟಿಸ್ದೇ ಆಗ್ಬೇಕು.